ಮೆಟ್ರೋದಲ್ಲಿ ಇಲ್ಲದ ಮುಜುಗರ

ನಾವು ಐದು ಜನ ಕಾಲೇಜು ಗೆಳೆಯರು ತಿಂಗಳಿಗೊಮ್ಮೆ ಗಾಂಧಿ ಬಜಾರಿನ ಒಂದು ದರ್ಶಿನಿಯಲ್ಲಿ ಸೇರುತ್ತೇವೆ. ಅದರಲ್ಲಿ ಒಬ್ಬ ದೂರದಿಂದಲೇ ಎರಡೂ ಕೈ ಅಗಲಿಸಿಕೊಂಡು ಬರುತ್ತಾನೆ. ತಬ್ಬಿಕೊಳ್ಳದೆ ಯಾರನ್ನೂ ಬಿಡುವವನಲ್ಲ. ನಾನೋ, ಅವನನ್ನು ಕಂಡ ಕೂಡಲೇ ಕೈಕುಲುಕಲು ಕೈ ಚಾಚಿಬಿಡುತ್ತೇನೆ. ಹೋದ ತಿಂಗಳು ನನ್ನ ಕೈ ಅವನ ಹೊಟ್ಟೆಗೆ ತಿವಿಯಿತು. ಅವನ ಗಲ್ಲ ನನ್ನ ಕನ್ನಡಕಕ್ಕೆ ಬಡಿಯಿತು. ಎಡಗೈಯಲ್ಲಿದ್ದ ಕಾಫಿ ಅವನ ಅಂಗಿಯ ತೋಳಿಗೆ ಹೋಯಿತು. ‘ನೀನೊಬ್ಬ ಮುಟ್ಟಿದರೆ ಮುನಿ ಕಣೋ’ ಅಂದ.

ಅಡ್ಡಹೆಸರು ಸರಿಯಾಗೇ ಇದೆ. ಆದರೆ ಅವತ್ತು ಸಂಜೆ ನ್ಯಾಷನಲ್ ಕಾಲೇಜು ಸ್ಟೇಷನ್ನಿನಲ್ಲಿ ಮೆಟ್ರೋ ಹತ್ತಿದಾಗ ಒಂದು ವಿಷಯ ಹೊಳೆಯಿತು. ಒಬ್ಬರ ಬ್ಯಾಗು ನನ್ನ ಬೆನ್ನಿಗೆ, ಇನ್ನೊಬ್ಬರ ಮೊಣಕೈ ಪಕ್ಕೆಗೆ, ಮೂರನೆಯವರ ಉಸಿರು ಕುತ್ತಿಗೆಗೆ. ಹೆಸರೂ ಗೊತ್ತಿಲ್ಲದವರು ಸುತ್ತಲೂ ನಿಂತು ನನ್ನನ್ನು ತಬ್ಬಿದ ಹಾಗೇ ಇತ್ತು. ನಾನು ಹಾಯಾಗಿ ಮೊಬೈಲ್ ನೋಡುತ್ತಿದ್ದೆ. ಹಳೆಯ ಗೆಳೆಯನ ಮೂರು ಸೆಕೆಂಡಿನ ಅಪ್ಪುಗೆಗೆ ಸೆಟೆದುಕೊಳ್ಳುವ ಮೈ ಇಲ್ಲಿ ಸುಮ್ನಿತ್ತು. ಯಾಕೆ?

ಮೊದಲು ಚರ್ಮವನ್ನೇ ವಿಚಾರಿಸೋಣ. ಸ್ಪರ್ಶದ ಸುದ್ದಿಯನ್ನು ಮಿದುಳಿಗೆ ಒಯ್ಯುವ ನರಗಳು ಹಲವು ಬಗೆ. ಕೆಲವು ಎಕ್ಸ್‌ಪ್ರೆಸ್ ಗಾಡಿಗಳು. ಏನು ತಗುಲಿತು, ಎಲ್ಲಿ, ಎಷ್ಟು ಜೋರಾಗಿ ಅನ್ನುವುದನ್ನು ಸೆಕೆಂಡಿಗೆ ಹತ್ತಾರು ಮೀಟರ್ ವೇಗದಲ್ಲಿ ಮುಟ್ಟಿಸುತ್ತವೆ. ಇನ್ನು ಕೆಲವು ಪ್ಯಾಸೆಂಜರ್ ಗಾಡಿಗಳು, ಸೆಕೆಂಡಿಗೆ ಸುಮಾರು 1 ಮೀಟರ್ ಅಷ್ಟೇ. ಇವಕ್ಕೆ ಸಿ-ಟ್ಯಾಕ್ಟೈಲ್ ನರಗಳು ಅನ್ನುತ್ತಾರೆ. ಕೂದಲಿರುವ ಚರ್ಮದಲ್ಲಿ ಇವು ಇರುತ್ತವೆ. ಸೆಕೆಂಡಿಗೆ 1ರಿಂದ 10 ಸೆಂಟಿಮೀಟರ್ ವೇಗದಲ್ಲಿ, ಬೆಚ್ಚಗಿನ ಕೈಯಿಂದ ಸವರಿದರೆ ಚೆನ್ನಾಗಿ ಮಿಡಿಯುತ್ತವೆ. ಅಜ್ಜಿ ಮೊಮ್ಮಗುವಿನ ಬೆನ್ನು ಸವರುವುದು ಹೆಚ್ಚುಕಡಿಮೆ ಹೀಗೇ ಅಲ್ವಾ? ಮೆಟ್ರೋದ ಮೊಣಕೈ ಇವನ್ನು ಅಷ್ಟಾಗಿ ಎಬ್ಬಿಸುವುದಿಲ್ಲ.

ಆದರೆ ಇಷ್ಟಕ್ಕೇ ಲೆಕ್ಕ ಮುಗಿಯಲ್ಲ. 2012ರಲ್ಲಿ ಪ್ರಕಟವಾದ ಒಂದು ಪ್ರಯೋಗ ನನಗೆ ತುಂಬಾ ಇಷ್ಟ. ಕೆಲವು ಗಂಡಸರನ್ನು ಮಿದುಳಿನ ಕೆಲಸ ನೋಡುವ ಸ್ಕ್ಯಾನರ್ ಒಳಗೆ ಮಲಗಿಸಿ ಕಾಲು ಸವರಿದರು. ಒಮ್ಮೆ ಚೆಂದದ ಹುಡುಗಿ ಸವರುತ್ತಿರುವ ವಿಡಿಯೊ ತೋರಿಸಿದರು. ಇನ್ನೊಮ್ಮೆ ಗಂಡಸಿನದು. ಮೊದಲನೆಯದು ಹಿತವಾಗಿತ್ತು, ಎರಡನೆಯದು ಬೇಡವಾಗಿತ್ತು ಅಂದರು. ನಿಜಕ್ಕೂ ಸವರಿದ್ದು ಎರಡು ಸಲವೂ ಒಬ್ಬ ಹೆಂಗಸೇ! ಮಜಾ ಏನೆಂದರೆ, ಸ್ಪರ್ಶದ ಸುದ್ದಿ ಮೊದಲು ಬಂದು ತಲುಪುವ ಮಿದುಳಿನ ಭಾಗವೂ ಎರಡು ಸಲ ಬೇರೆ ಬೇರೆಯಾಗಿ ಕೆಲಸ ಮಾಡಿತ್ತು. ಅಂದರೆ ಮಿದುಳು ಮೊದಲು ಸ್ಪರ್ಶವನ್ನು ತಿಳಿದು, ಆಮೇಲೆ ‘ಯಾರಿದು’ ಎಂದು ಕೇಳುವುದಿಲ್ಲ. ಯಾರು ಅನ್ನುವುದು ಸ್ಪರ್ಶದೊಳಗೇ ಸೇರಿಕೊಂಡಿರುತ್ತದೆ.

ಮೆಟ್ರೋದಲ್ಲಿ ನನಗೆ ತಾಗಿದವರು ‘ಯಾರೂ’ ಆಗಿರಲಿಲ್ಲ. ಅವರ ಕಣ್ಣು ಫೋನಿನಲ್ಲಿ, ನನ್ನದೂ ಅಲ್ಲೇ. ಆ ಮೊಣಕೈ ನನ್ನಿಂದ ಏನೂ ಕೇಳುತ್ತಿರಲಿಲ್ಲ. ಗೆಳೆಯನ ಅಪ್ಪುಗೆ ಹಾಗಲ್ಲ, ಅದು ಉತ್ತರ ಕೇಳುತ್ತದೆ. ಎಷ್ಟು ಬಿಗಿಯಾಗಿ ಹಿಡಿಯಬೇಕು? ಯಾವಾಗ ಬಿಡಬೇಕು? ಬೆನ್ನು ತಟ್ಟಬೇಕಾ? ನನ್ನ ಗಾಬರಿ ಇರುವುದು ಇಲ್ಲಿ ಅಂತ ನನ್ನ ಅನುಮಾನ.

ಅಮೆರಿಕದ ಪ್ರಾಣಿವಿಜ್ಞಾನಿ ಟೆಂಪಲ್ ಗ್ರ್ಯಾಂಡಿನ್ ಆಟಿಸಂ ಇರುವವರು. ಯಾರಾದರೂ ಅಪ್ಪಿಕೊಂಡರೆ ಅವರಿಗೆ ತಡೆಯಲು ಆಗುತ್ತಿರಲಿಲ್ಲ. ಆದರೆ ಮೈಗೆ ಒತ್ತು ಬೇಕು ಅನಿಸುತ್ತಿತ್ತು. ಚಿಕ್ಕಮ್ಮನ ದನದ ಫಾರಂನಲ್ಲಿ, ಚುಚ್ಚುಮದ್ದು ಕೊಡಲು ದನಗಳನ್ನು ಎರಡೂ ಬದಿಯಿಂದ ಒತ್ತಿ ಹಿಡಿಯುವ ಕಟಕಟೆ ನೋಡಿದರು. ಅದರೊಳಗೆ ಕೆಲವು ದನ ಶಾಂತವಾಗುತ್ತಿದ್ದವು. ಹದಿನೆಂಟರ ಹುಡುಗಿ ತನಗೂ ಅಂಥದ್ದೊಂದು ಯಂತ್ರ ಮಾಡಿಕೊಂಡಳು. ಎಷ್ಟು ಒತ್ತಬೇಕು, ಯಾವಾಗ ನಿಲ್ಲಬೇಕು ಎಂಬ ಹಿಡಿಕೆ ಅವಳ ಕೈಯಲ್ಲೇ ಇತ್ತು. ನನಗಿರುವುದು ಆಟಿಸಂ ಅಲ್ಲ, ಬರೀ ಸಂಕೋಚ. ಆದರೂ ಆ ಹಿಡಿಕೆಯ ಆಸೆ ನನಗೆ ಚೆನ್ನಾಗಿ ಅರ್ಥವಾಗುತ್ತದೆ.

ಊರಿನ ರೂಢಿಯೂ ಇದೆಯಲ್ಲ. 1960ರ ದಶಕದಲ್ಲಿ ಸಿಡ್ನಿ ಜುರಾರ್ಡ್ ಎಂಬ ಮನೋವಿಜ್ಞಾನಿ ಕೆಫೆಗಳಲ್ಲಿ ಜೋಡಿಗಳು ಗಂಟೆಗೆ ಎಷ್ಟು ಸಲ ಒಬ್ಬರನ್ನೊಬ್ಬರು ಮುಟ್ಟುತ್ತಾರೆ ಅಂತ ಎಣಿಸಿದರು. ಪೋರ್ಟೊರಿಕೊದ ಸಾನ್ ಹುವಾನ್‌ನಲ್ಲಿ 180, ಪ್ಯಾರಿಸ್‌ನಲ್ಲಿ 110. ಲಂಡನ್ನಿನಲ್ಲಿ ಸೊನ್ನೆ. ನಾನೂ ಒಂದಿನ ದರ್ಶಿನಿಯಲ್ಲಿ ಎಣಿಸಲು ಹೊರಟೆ. ಎದುರಿಗೆ ಇಬ್ಬರು ಹುಡುಗರು ಬೈಟು ಕಾಫಿ ಹಿಡಿದು ನಿಂತಿದ್ದರು. ಒಬ್ಬನ ಕೈ ಇನ್ನೊಬ್ಬನ ಹೆಗಲ ಮೇಲೆ. ಇಪ್ಪತ್ತು ನಿಮಿಷ ಆದರೂ ಅದು ಇಳಿಯಲೇ ಇಲ್ಲ. ಇದನ್ನು ಎಷ್ಟು ಅಂತ ಬರೆದುಕೊಳ್ಳುವುದು, ಒಂದು ಅಂತಲೇ? ಅಲ್ಲಿಗೆ ನನ್ನ ಸಂಶೋಧನೆ ನಿಂತಿತು. ನಾವು ಮುಟ್ಟದ ಜನ ಏನಲ್ಲ. ಎದುರಿನಿಂದ ಎದೆಗೆ ಎದೆ ತಾಗಿಸುವುದು ನಮ್ಮಲ್ಲಿ ಕೆಲವರಿಗೆ ಹೊಸದು, ಅಷ್ಟೇ.

ರಕ್ತದಲ್ಲೇ ಬಂದದ್ದಾ? 2020ರ ಒಂದು ಅವಳಿಗಳ ಅಧ್ಯಯನದ ಪ್ರಕಾರ, ಪ್ರೀತಿ ತೋರಿಸುವ ಸ್ವಭಾವದಲ್ಲಿ ಹೆಂಗಸರ ನಡುವೆ ಕಾಣುವ ವ್ಯತ್ಯಾಸದ 45% ಭಾಗ ವಂಶವಾಹಿಗಳಿಂದ ಬಂದದ್ದು. ಗಂಡಸರಲ್ಲಿ ಅಂಥ ಪಾಲು ಕಾಣಲೇ ಇಲ್ಲ. ಹಾಗಾಗಿ ‘ನಮ್ಮ ವಂಶವೇ ಹಿಂಗೆ’ ಅಂತ ನಾನು ತಪ್ಪಿಸಿಕೊಳ್ಳುವಂತಿಲ್ಲ.

ಲಂಡನ್ನಿನಲ್ಲೇ ನಡೆದ ಇನ್ನೊಂದು ಪ್ರಯೋಗ ನನ್ನ ಮಾನ ಕಳೆಯಿತು. 1 ಸೆಕೆಂಡಿನ ಅಪ್ಪುಗೆಗಿಂತ 5 ಮತ್ತು 10 ಸೆಕೆಂಡಿನವು ಹೆಚ್ಚು ಹಿತ ಅಂದರಂತೆ ಜನ. ನಾನು ಇಷ್ಟು ವರ್ಷ ಕೊಟ್ಟಿದ್ದೆಲ್ಲ 1 ಸೆಕೆಂಡಿನವೇ.

ಇದನ್ನೆಲ್ಲ ಗೆಳೆಯನಿಗೆ ಫೋನಿನಲ್ಲಿ ಹೇಳಿದ್ದೆ. ಮೊನ್ನೆ ಸೇರಿದಾಗ ಅವನು ಎರಡು ಮಾರು ದೂರದಲ್ಲೇ ನಿಂತ. ‘ಕೈಯಾ, ಅಪ್ಪುಗೆಯಾ? ಬೇಗ ಹೇಳು, ಇಡ್ಲಿ ಆರುತ್ತೆ.’

‘ಹೆಗಲು’ ಅಂದೆ.

ಪಕ್ಕಕ್ಕೆ ಬಂದು ಹೆಗಲ ಮೇಲೆ ಕೈ ಹಾಕಿದ. ಇಡ್ಲಿ ಮುಗಿದು ಕಾಫಿ ಬರುವವರೆಗೂ ತೆಗೆಯಲಿಲ್ಲ. ಜುರಾರ್ಡ್ ಲೆಕ್ಕದಲ್ಲಿ, ಒಂದು.