ಮಾಡಿನಿಂದ ಶುರುವಾಗುವ ಸಾವು: ವೆಂಟ್‌ವರ್ತ್ ವುಡ್‌ಹೌಸ್‌ನ ಕಥೆ

ಇಂಗ್ಲೆಂಡಿನ ಯಾರ್ಕ್‌ಶೈರ್‌ನಲ್ಲಿ, ರಾದರ್‌ಹ್ಯಾಮ್ ಊರಿನ ಹತ್ತಿರ, ವೆಂಟ್‌ವರ್ತ್ ವುಡ್‌ಹೌಸ್ ಅಂತ ಒಂದು ಬಂಗಲೆ ಇದೆ. ಬಂಗಲೆ ಅಂದರೆ ಕಡಿಮೆಯಾಯಿತು. ಪೂರ್ವದ ಮುಂಭಾಗವೇ 606 ಅಡಿ ಉದ್ದ, ಒಳಗೆ 300ಕ್ಕೂ ಹೆಚ್ಚು ಕೋಣೆ. ಇದರ ರಿಪೇರಿಗೆ ಸರ್ಕಾರದ ದುಡ್ಡು ಯಾಕೆ, ಶ್ರೀಮಂತರ ಮನೆ ಅಲ್ವಾ, ಅವರೇ ನೋಡಿಕೊಳ್ಳಲಿ ಅಂತ ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ಆದರೆ ಯಾವ ಶ್ರೀಮಂತರು ಅನ್ನುವುದನ್ನು ಹುಡುಕುತ್ತಾ ಹೋದರೆ ತಲೆ ಕೆಡುತ್ತದೆ.

ಹಳೆಯದನ್ನು ಬೇಗ ಮುಗಿಸಿಬಿಡೋಣ. 18ನೇ ಶತಮಾನದಲ್ಲಿ ಕಟ್ಟಿದ್ದು. ಎರಡು ಸಲ ಬ್ರಿಟನ್ನಿನ ಪ್ರಧಾನಿಯಾದ ರಾಕಿಂಗ್‌ಹ್ಯಾಮ್ ಇಲ್ಲಿಯವರೇ. 1782ರಲ್ಲಿ ಅವರು ತೀರಿಕೊಂಡ ಮೇಲೆ ಆಸ್ತಿ ಫಿಟ್ಸ್‌ವಿಲಿಯಂ ಮನೆತನಕ್ಕೆ ಬಂತು. ಜಮೀನಿನ ಕೆಳಗೆ ಕಲ್ಲಿದ್ದಲು ಇತ್ತು, ನೂರೈವತ್ತು ವರ್ಷ ಮನೆ ಅದರ ಮೇಲೇ ನಡೆಯಿತು.

ಆಮೇಲೆ ತೆರಿಗೆ ಬಂತು. ಯಜಮಾನ ಸತ್ತಾಗ ಆಸ್ತಿಯ ಮೇಲೆ ಬೀಳುವ ತೆರಿಗೆ 1894ರಲ್ಲಿ ಹೆಚ್ಚೆಂದರೆ ಶೇ 8 ಇತ್ತು, 1949ರ ಹೊತ್ತಿಗೆ ಶೇ 80ಕ್ಕೆ ಏರಿತ್ತು. ದೇಶಕ್ಕೆ ದುಡ್ಡು ಬೇಕಿತ್ತು, ತಪ್ಪೇನಿಲ್ಲ. ಆದರೆ ಒಂದೊಂದು ಸಾವಿಗೂ ಒಂದಷ್ಟು ಜಮೀನು, ಒಂದಷ್ಟು ಚಿತ್ರಗಳು ಮಾರಾಟವಾದವು. ಕೊನೆಗೆ ಮನೆಯನ್ನೇ ಕೆಡವುವುದು ಅಗ್ಗ ಅನ್ನಿಸತೊಡಗಿತು. 1955ರಲ್ಲಿ ಇಂಗ್ಲೆಂಡಿನಲ್ಲಿ ಸರಾಸರಿ ಐದು ದಿನಕ್ಕೊಂದು ಇಂಥ ಮನೆ ಉರುಳುತ್ತಿತ್ತು.

ವೆಂಟ್‌ವರ್ತ್ ಉರುಳಲಿಲ್ಲ, ಆದರೆ ಅದಕ್ಕೆ ಬೇರೆಯದೇ ಪೆಟ್ಟು ಬಿತ್ತು. 1946. ಯುದ್ಧ ಮುಗಿದು ಒಂದು ವರ್ಷವೂ ಆಗಿರಲಿಲ್ಲ, ದೇಶಕ್ಕೆ ಕಲ್ಲಿದ್ದಲು ಸಾಲುತ್ತಿರಲಿಲ್ಲ. ಮನೆಯ ಉದ್ಯಾನವನ್ನೇ ಅಗೆಯಲು ಇಂಧನ ಇಲಾಖೆ ಆದೇಶ ಹೊರಡಿಸಿತು. ಸುರಂಗ ತೋಡಿ ಅಲ್ಲ, ಮೇಲಿಂದಲೇ ಯಂತ್ರ ಬಿಟ್ಟು. ಮರ, ಹುಲ್ಲುಹಾಸು, ದಾರಿ ಎಲ್ಲ ಹೋಗಿ, ಅಗೆತ ಪಶ್ಚಿಮದ ಬಾಗಿಲಿನವರೆಗೂ ಬಂತು. ತಮಾಷೆ ಎಂದರೆ ಇದು ಬೇಡ ಅಂದವರಲ್ಲಿ ಅಲ್ಲಿನ ಗಣಿ ಕಾರ್ಮಿಕರೇ ಇದ್ದರು. ಅವರ ಸಂಘದ ಮುಖಂಡರು ಪ್ರಧಾನಿ ಆಟ್ಲೀಗೂ ಮನವಿ ಮಾಡಿದರು. ಆ ತೋಟ ಅವರಿಗೂ ಬೇಕಾಗಿತ್ತು. ಯಾರೂ ಕೇಳಿಸಿಕೊಳ್ಳಲಿಲ್ಲ.

1947ರ ಜನವರಿ 1ಕ್ಕೆ ಗಣಿಗಳೆಲ್ಲ ಸರ್ಕಾರದ್ದಾದವು. ಮರುವರ್ಷ ಮನೆಯ ಯಜಮಾನ ಫ್ರಾನ್ಸ್‌ನಲ್ಲಿ ವಿಮಾನ ಅಪಘಾತದಲ್ಲಿ ಸತ್ತರು. ಮನೆಯ ಬಹುಪಾಲು ಬಾಡಿಗೆಗೆ ಹೋಯಿತು. ಅಲ್ಲಿ ದೈಹಿಕ ಶಿಕ್ಷಣದ ಶಿಕ್ಷಕಿಯರನ್ನು ತಯಾರು ಮಾಡುವ ಕಾಲೇಜು ಶುರುವಾಯಿತು. ಅರಮನೆಯಂಥ ಮನೆಯಲ್ಲಿ ಹುಡುಗಿಯರು ಕಸರತ್ತು ಮಾಡುವುದೇ ಅಂತ ಮೂಗು ಮುರಿದವರಿರಬಹುದು. ನನಗಂತೂ ಆ ವರ್ಷಗಳೇ ಮನೆಯ ಅದೃಷ್ಟದ ವರ್ಷಗಳು ಅನ್ನಿಸುತ್ತದೆ. ಜನ ಓಡಾಡುವ ಮನೆಯಲ್ಲಿ ಎಲ್ಲಾದರೂ ಸೋರಿದರೆ ಮರುದಿನವೇ ಯಾರಾದರೂ ಬೈಯುತ್ತಾರೆ!

ಯಾಕೆಂದರೆ ಇಂಥ ಮನೆಗಳು ಸಾಯುವುದು ಮಾಡಿನಿಂದ. ಮಾಡಿನ ಅಂಚಿನ ಮೋಟುಗೋಡೆಯ ಹಿಂದೆ, ಕೆಳಗಿನಿಂದ ಕಾಣದ ಹಾಗೆ, ಮಳೆನೀರು ಹೋಗಲು ಸೀಸದ ತಗಡು ಹಾಸಿದ ಕಾಲುವೆ ಇರುತ್ತದೆ. ಅದಕ್ಕೆ ಒಂದು ಹಿಡಿ ತರಗೆಲೆ ಅಡ್ಡ ಬಂದರೆ ಸಾಕು, ಇಲ್ಲ ಒಂದು ಸತ್ತ ಪಾರಿವಾಳ. ನೀರು ನಿಂತು, ತಗಡಿನ ಸಂದಿಯಲ್ಲಿ ಇಳಿದು, ತೊಲೆಯ ತುದಿ ಗೋಡೆಯೊಳಗೆ ಕೂತಿರುವ ಜಾಗಕ್ಕೆ ಹೋಗುತ್ತದೆ. ಅಲ್ಲಿ ಗಾಳಿ ಆಡುವುದಿಲ್ಲ, ಬೂಷ್ಟು ಹಿಡಿಯುತ್ತದೆ. ಡ್ರೈ ರಾಟ್ ಅನ್ನುವ ಈ ಬೂಷ್ಟು ಮರವನ್ನು ಇಟ್ಟಿಗೆ ಜೋಡಿಸಿದ ಹಾಗೆ ಚೌಕ ಚೌಕ ಬಿರಿಸುತ್ತದೆ, ಬೆರಳಲ್ಲಿ ಒತ್ತಿದರೆ ಪುಡಿ. ಕೋಣೆಯಲ್ಲಿ ತುಕ್ಕು ಬಣ್ಣದ ಧೂಳು ಕಂಡಿತು ಅನ್ನುವ ಹೊತ್ತಿಗೆ ಒಳಗೊಳಗೇ ಕೆಲಸ ಮುಗಿದಿರುತ್ತದೆ. ಹತ್ತು ನಿಮಿಷದಲ್ಲಿ ಬಳಿದು ತೆಗೆಯಬಹುದಾಗಿದ್ದ ಎಲೆ!

1980ರ ದಶಕದ ಕೊನೆಗೆ ಕಾಲೇಜು ಹೋಯಿತು. ಒಬ್ಬ ಉದ್ಯಮಿ ಕೊಂಡರು, ದುಡ್ಡಿನ ತಾಪತ್ರಯವಾಗಿ ಬ್ಯಾಂಕ್ ವಶಕ್ಕೆ ತೆಗೆದುಕೊಂಡಿತು. 1999ರಲ್ಲಿ ಒಬ್ಬ ವಾಸ್ತುಶಿಲ್ಪಿಯ ಕುಟುಂಬ ಕೊಂಡು ಕೈಲಾದಷ್ಟು ದುರಸ್ತಿ ಮಾಡಿತು. ಗಣಿಯಿಂದ ನೆಲ ಕುಸಿದು ಕಟ್ಟಡ ಬಿರುಕುಬಿಟ್ಟಿದೆ ಅಂತ 10 ಕೋಟಿ ಪೌಂಡ್ ಪರಿಹಾರ ಕೇಳಿ ಆ ಕುಟುಂಬ ಹಾಕಿದ ದಾವೆ 2016ರಲ್ಲಿ ಬಿದ್ದುಹೋಯಿತು. ಬಿರುಕಿಗೆ ಗಣಿ ಕಾರಣವಲ್ಲ ಅಂದಿತು ನ್ಯಾಯಮಂಡಳಿ. ಹಾಗಾದರೆ ಯಾರು ಕಾರಣ? ಆದೇಶ ಕೊಟ್ಟವರಿಗೂ ಕಾರಣವಿತ್ತು, ತೆರಿಗೆ ಹಾಕಿದವರಿಗೂ, ಮಾರಿದವರಿಗೂ. ಮಾಡು ಹತ್ತಿ ನೋಡುವ ಸರದಿ ಮಾತ್ರ ಯಾರದ್ದೂ ಆಗಲಿಲ್ಲ.

2017ರಲ್ಲಿ ಒಂದು ಟ್ರಸ್ಟ್ ಮನೆಯನ್ನು 70 ಲಕ್ಷ ಪೌಂಡಿಗೆ ಕೊಂಡಿತು. ಸರ್ಕಾರ ಕೊಟ್ಟ ನೆರವು 76 ಲಕ್ಷ ಪೌಂಡ್, ಅಂದರೆ ಮನೆಯ ಬೆಲೆಗಿಂತ ಜಾಸ್ತಿ. ಆ ದುಡ್ಡು ಮೊದಲು ಹೋಗಿದ್ದು ಮಾಡಿಗೇ. ತೋಟದಲ್ಲಿ ಕ್ಯಾಮೆಲಿಯಾ ಹೌಸ್ ಅಂತ ಇನ್ನೊಂದು ಹಾಳುಬಿದ್ದ ಕಟ್ಟಡವಿತ್ತು. ಅದರೊಳಗೆ ಯಾರ ಆರೈಕೆಯೂ ಇಲ್ಲದೆ ಹಳೆಯ ಕ್ಯಾಮೆಲಿಯಾ ಗಿಡಗಳು ಬದುಕೇ ಇದ್ದವು. ಈಗ ಅಲ್ಲಿ ಹೊಸ ಗಾಜು, ಗಿಡಗಳ ಪಕ್ಕದಲ್ಲೇ ಕೂತು ಟೀ ಕುಡಿಯಬಹುದು.