ವೈರಸ್ ತಂದ ಜೀನ್ ಎಲ್ಲಿ ಹೋಗಿ ಕೂರುತ್ತದೆ?

ಹಿಮೋಫಿಲಿಯಾ ಅಂದರೆ ರಕ್ತ ಸರಿಯಾಗಿ ಹೆಪ್ಪುಗಟ್ಟದ ಕಾಯಿಲೆ. ಕರ್ನಾಟಕ ಹಿಮೋಫಿಲಿಯಾ ಸೊಸೈಟಿ ಇರುವುದು ದಾವಣಗೆರೆಯಲ್ಲಿ. ಹಾಗಾಗಿ 2024ರ ಡಿಸೆಂಬರ್‌ನಲ್ಲಿ ವೆಲ್ಲೂರಿನ ಸಿಎಂಸಿ ಆಸ್ಪತ್ರೆಯಿಂದ ಬಂದ ಸುದ್ದಿ ಇಲ್ಲಿನವರಿಗೆ ದೂರದ್ದಲ್ಲ. ತೀವ್ರ ಹಿಮೋಫಿಲಿಯಾ ಎ ಇದ್ದ ಐವರಿಗೆ ಅಲ್ಲಿ ಜೀನ್ ಥೆರಪಿ, ಅಂದರೆ ಸರಿಯಾದ ಜೀನನ್ನು ಜೀವಕೋಶಕ್ಕೆ ಸೇರಿಸುವ ಚಿಕಿತ್ಸೆ, ಕೊಟ್ಟರು. ಆಮೇಲೆ ಅವರಿಗೆ ರಕ್ತಸ್ರಾವದ ಕಾಟ ನಿಂತಿತು. ಜೀನ್ ಹೊತ್ತು ತಂದದ್ದು ಲೆಂಟಿವೈರಸ್, ಅಂದರೆ ಎಚ್‌ಐವಿ ಬಳಗದ್ದು, ಆದರೆ ರೋಗ ತರುವ ಭಾಗ ತೆಗೆದದ್ದು. ಎಚ್‌ಐವಿ ಹೆಸರು ಕೇಳಿದ ಕೂಡಲೇ ಗಾಬರಿ ಸಹಜ. ನಿಜವಾಗಿ ಕೇಳಬೇಕಾದ್ದು ಬೇರೆ: ಆ ಜೀನ್ ನಮ್ಮ ಡಿಎನ್‌ಎಯಲ್ಲಿ ಎಲ್ಲಿ ಹೋಗಿ ಕೂರುತ್ತದೆ?

ಲೆಂಟಿವೈರಸ್ ಒಂದು ಬಗೆಯ ರೆಟ್ರೊವೈರಸ್. ರೆಟ್ರೊವೈರಸ್ ತನ್ನ ಆರ್‌ಎನ್‌ಎಯನ್ನು ಡಿಎನ್‌ಎ ಮಾಡಿಕೊಂಡು ನಮ್ಮದರೊಳಗೆ ಸೇರಿಸಿಬಿಡುತ್ತದೆ. 1964ರಲ್ಲಿ ಅಮೆರಿಕದ ವಿಜ್ಞಾನಿ ಹೋವರ್ಡ್ ಟೆಮಿನ್ ಹೀಗೆ ಹೇಳಿದಾಗ ನಂಬಿದವರು ಕಮ್ಮಿ. 1970ರಲ್ಲಿ ಟೆಮಿನ್ ಮತ್ತು ಡೇವಿಡ್ ಬಾಲ್ಟಿಮೋರ್ ಬೇರೆಬೇರೆಯಾಗಿ ಆ ಕೆಲಸದ ಕಿಣ್ವವನ್ನೇ ತೋರಿಸಿದರು. ಜಾಗದ ಬಗ್ಗೆ ಮಾತ್ರ ಆಗ ಜಾಸ್ತಿ ತಿಳಿದಿರಲಿಲ್ಲ. ಹೆಚ್ಚುಕಮ್ಮಿ ಎಲ್ಲೆಂದರಲ್ಲಿ ಸೇರಿಕೊಳ್ಳುತ್ತೆ ಅಂದುಕೊಂಡಿದ್ದರು.

ಆ ಎಣಿಕೆ ತಪ್ಪಿದ್ದು ಪ್ಯಾರಿಸ್‌ನಲ್ಲಿ. 1999ರಿಂದ ಅಲ್ಲಿ, ರೋಗನಿರೋಧಕ ಶಕ್ತಿಯೇ ಇಲ್ಲದೆ ಹುಟ್ಟಿದ ಮಕ್ಕಳಿಗೆ ಇಲಿಯ ರೆಟ್ರೊವೈರಸ್ ಮೂಲಕ ಸರಿಯಾದ ಜೀನ್ ಕೊಟ್ಟರು. ಮಕ್ಕಳು ಚೇತರಿಸಿಕೊಂಡರು. 2002ರಲ್ಲಿ ನೋಡಿದರೆ ಒಂದು ಮಗುವಿಗೆ ರಕ್ತದ ಕ್ಯಾನ್ಸರ್, ಸ್ವಲ್ಪ ದಿನಕ್ಕೆ ಇನ್ನೊಂದಕ್ಕೂ. ಇಬ್ಬರಲ್ಲೂ ವೈರಸ್ ಕೂತಿದ್ದದ್ದು ಎಲ್‌ಎಂಒ2 ಎಂಬ ಜೀನ್ ಪಕ್ಕದಲ್ಲಿ. ಸುಮ್ಮನಿರಬೇಕಿದ್ದ ಆ ಜೀನನ್ನು ವೈರಸ್ಸಿನ ಸ್ವಿಚ್, ಅಂದರೆ ಜೀನ್ ಕೆಲಸ ಶುರುಮಾಡಿಸುವ ಡಿಎನ್‌ಎ ತುಣುಕು, ಚಾಲೂ ಮಾಡಿತ್ತು. ಕೊನೆಗೆ ಆ ಪ್ರಯೋಗದಲ್ಲಿ 4 ಮಕ್ಕಳಿಗೆ ಕ್ಯಾನ್ಸರ್ ಬಂತು, ಒಂದು ಮಗು ಉಳಿಯಲಿಲ್ಲ.

ಅದೇ 2002ರಲ್ಲಿ, ಮಾನವ ಜೀನೋಮ್‌ನ ಕರಡು ಕೈಯಲ್ಲಿದ್ದರಿಂದ, ಎಚ್‌ಐವಿ ಎಲ್ಲೆಲ್ಲಿ ಕೂತಿದೆ ಎಂದು ಹುಡುಕಲು ಆಯಿತು. ಅದಕ್ಕೆ ಬೇಕಾದ್ದು ಚುರುಕಾಗಿ ಕೆಲಸ ಮಾಡುವ ಜೀನ್‌ಗಳ ಒಳಭಾಗ. ಇಲಿ ವೈರಸ್ಸಿಗೆ ಇಷ್ಟವಾದದ್ದು ಜೀನ್ ಶುರುವಾಗುವ ಜಾಗ ಎಂದು 2003ರಲ್ಲಿ ತಿಳಿಯಿತು. ಸ್ವಿಚ್ ಇರುವುದೂ ಅಲ್ಲೇ ಅಲ್ವಾ? ಅಪಾಯ ಅಲ್ಲಿತ್ತು.

ಈ ಆಯ್ಕೆಯಲ್ಲಿ ನಮ್ಮ ಜೀವಕೋಶದ ಪ್ರೋಟೀನ್‌ಗಳದ್ದೇ ದೊಡ್ಡ ಪಾತ್ರ. ಎಲ್‌ಇಡಿಜಿಎಫ್ ಎಂಬುದು ಒಂದು ತುದಿಯಲ್ಲಿ ಎಚ್‌ಐವಿಯ ಇಂಟಿಗ್ರೇಸ್ ಕಿಣ್ವವನ್ನು, ಇನ್ನೊಂದು ತುದಿಯಲ್ಲಿ ಚುರುಕಾದ ಜೀನ್ ಇರುವ ಕಡೆಯ ಕ್ರೊಮಾಟಿನ್ ಅನ್ನು (ಪ್ರೋಟೀನ್‌ಗೆ ಸುತ್ತಿಕೊಂಡ ಡಿಎನ್‌ಎಯನ್ನು) ಹಿಡಿಯುತ್ತದೆ. ಇಲಿ ವೈರಸ್ಸನ್ನು ಕರೆದೊಯ್ಯುವುದು ಬಿಇಟಿ ಪ್ರೋಟೀನ್‌ಗಳು.

ಈಗಿನ ಲೆಂಟಿವೈರಸ್ ವಾಹಕಗಳಲ್ಲಿ ವೈರಸ್ಸಿನ ಸ್ವಂತ ಸ್ವಿಚ್ಚನ್ನೂ ಕಿತ್ತು ಹಾಕಿರುತ್ತಾರೆ. ಹಾಗಂತ ಅಪಾಯ ಸೊನ್ನೆಯಲ್ಲ. ಮಿದುಳಿನ ಒಂದು ಕಾಯಿಲೆಗೆ ಲೆಂಟಿವೈರಸ್ ಚಿಕಿತ್ಸೆ ಪಡೆದ 67 ಮಕ್ಕಳಲ್ಲಿ 7 ಮಂದಿಗೆ ರಕ್ತದ ಕ್ಯಾನ್ಸರ್ ಬಂದದ್ದು 2024ರಲ್ಲಿ ಪ್ರಕಟವಾಯಿತು. ಆ ವಾಹಕದಲ್ಲಿ ಜೀನ್ ಚಾಲೂ ಮಾಡಲು ಇಟ್ಟಿದ್ದ ಬಲವಾದ ಸ್ವಿಚ್ ಇಲಿ ವೈರಸ್ ಮೂಲದ್ದು! ಇಂಥ ಚಿಕಿತ್ಸೆ ಪಡೆದವರ ಮೇಲೆ 15 ವರ್ಷ ಕಣ್ಣಿಡಬೇಕು ಎನ್ನುತ್ತದೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ. ರಕ್ತ ತೆಗೆದು, ಜೀನ್ ಎಲ್ಲಿ ಕೂತಿದೆ, ಯಾವುದಾದರೂ ಒಂದೇ ಜೀವಕೋಶದ ಸಂತತಿ ಅತಿಯಾಗಿ ಬೆಳೆಯುತ್ತಿದೆಯಾ ಎಂದು ನೋಡುತ್ತಾರೆ.