ಕಾಮಾಲೆಯೇ ಇಲ್ಲ, ಮತ್ತೆ ಯಕೃತ್ತಿಗೆ ಪೆಟ್ಟು ಕೊಡುವುದು ಯಾರು?

ಪ್ರಶ್ನೆ: ಶಿರಸಿಯಲ್ಲಿ ರಕ್ತದಾನ ಮಾಡಿದ ಮೇಲೆ ನನಗೆ ಹೆಪಟೈಟಿಸ್ ಬಿ ಇದೆಯೆಂದು ತಿಳಿಯಿತು. ಕಣ್ಣು ಹಳದಿಯಾದದ್ದೇ ಇಲ್ಲ. ರೋಗನಿರೋಧಕ ಶಕ್ತಿ ಹೆಚ್ಚಿಸುವ ಕಷಾಯ ಕುಡಿದರೆ ವೈರಸ್ ಹೋಗುತ್ತದೆಯೇ?

ಉತ್ತರ: ಹೋಗುವುದಿಲ್ಲ. ಮಳೆಗಾಲದಲ್ಲಿ ಕೆಟ್ಟ ನೀರಿನಿಂದ ಬರುವ ಕಾಮಾಲೆ ಹೆಚ್ಚಾಗಿ ಹೆಪಟೈಟಿಸ್ ಎ ಅಥವಾ ಇ ವೈರಸ್ಸಿನದು. ಅದು ಸಾಮಾನ್ಯವಾಗಿ ತಾನಾಗಿಯೇ ವಾಸಿಯಾಗುತ್ತದೆ. ಹೆಸರು ಮಾತ್ರ ಹಳ್ಳಿಮದ್ದಿಗೆ ಬರುತ್ತದೆ. ಬಿ ವೈರಸ್ಸಿನ ಕಥೆ ಬೇರೆ.

ಈ ವೈರಸ್ ಯಕೃತ್ತಿನ ಜೀವಕೋಶವನ್ನು ನೇರವಾಗಿ ಕೊಲ್ಲುವುದು ಅಪರೂಪ. ಕೊಲ್ಲುವುದು ನಮ್ಮದೇ ರೋಗನಿರೋಧಕ ಪಡೆಯ ಟಿ ಕೋಶಗಳೆಂಬ ಬಿಳಿ ರಕ್ತಕಣಗಳು. ಸೋಂಕು ತಗುಲಿದ ಕೋಶದ ಮೈಮೇಲೆ ವೈರಸ್ಸಿನ ತುಣುಕು ಕಂಡೊಡನೆ ಅವು ಎರಗುತ್ತವೆ, ರಾಸಾಯನಿಕ ಸಂಕೇತಗಳಿಂದ ಇತರ ಬಿಳಿ ರಕ್ತಕಣಗಳನ್ನೂ ಕರೆಯುತ್ತವೆ. ಇದೇ ಉರಿಯೂತ. ಒಡೆದ ಕೋಶಗಳಿಂದ ಸೋರಿದ ಕಿಣ್ವವೇ ನಿಮ್ಮ ವರದಿಯ ಎಸ್‌ಜಿಪಿಟಿ. ಮಂಗ ಓಡಿಸಲು ಹೋದವರೇ ಅಡಿಕೆ ಹಿಂಗಾರ ಉದುರಿಸಿದ ಹಾಗೆ!

ದಾಳಿ ಒಮ್ಮೆಗೇ ಪೂರ್ತಿಯಾದರೆ ಸೋಂಕು ಹತೋಟಿಗೆ ಬರುತ್ತದೆ. ವಯಸ್ಕರಾದ ಮೇಲೆ ಸೋಂಕು ತಗುಲಿದವರಲ್ಲಿ ಸುಮಾರು 95 ಶೇಕಡಾ ಮಂದಿಗೆ ಆಗುವುದು ಹಾಗೆಯೇ. ಹೆರಿಗೆಯ ಹೊತ್ತಿಗೆ ತಾಯಿಯಿಂದ ಸೋಂಕು ಪಡೆದು, ಲಸಿಕೆ ಸಿಗದ ಶಿಶುಗಳಲ್ಲಿ ಸುಮಾರು 90 ಶೇಕಡಾ ಮಕ್ಕಳಿಗೆ ಅದು ದೀರ್ಘಕಾಲ ಉಳಿಯುತ್ತದೆ. ಅವರ ದೇಹ ವರ್ಷಗಟ್ಟಲೆ ವೈರಸ್ಸನ್ನು ಸಹಿಸಿಕೊಳ್ಳುತ್ತದೆ, ಎಸ್‌ಜಿಪಿಟಿ ಏರುವುದೇ ಇಲ್ಲ. ಮುಂದೊಮ್ಮೆ ದಾಳಿ ಶುರುವಾದರೂ ದೀರ್ಘ ಹೋರಾಟದಲ್ಲಿ ಟಿ ಕೋಶಗಳು ಬಳಲುತ್ತವೆ. ಗೆಲ್ಲಲಾರವು, ಸುಮ್ಮನಿರಲಾರವು. ಈ ಅರೆಬರೆ ಕಾದಾಟದ ಗಾಯಗಳ ಮೇಲೆ ನಾರಿನ ಕಲೆ ಕಟ್ಟುತ್ತ ಹೋದರೆ ಸಿರೋಸಿಸ್. ಕ್ಯಾನ್ಸರಿನ ಅಪಾಯವೂ ಏರುತ್ತದೆ.

ಹಾಗಾದರೆ ನಿರೋಧಕ ಶಕ್ತಿಯನ್ನೇ ತಗ್ಗಿಸಿದರೆ? ಅದು ಇನ್ನೂ ಅಪಾಯ. ಸ್ಟೀರಾಯ್ಡ್ ಅಥವಾ ಕ್ಯಾನ್ಸರ್ ಔಷಧದಿಂದ ನಿರೋಧಕತೆ ಕುಗ್ಗಿದಾಗ ವೈರಸ್ ಮಿತಿಮೀರಿ ಬೆಳೆಯುತ್ತದೆ. ಶಕ್ತಿ ಮರಳಿದೊಡನೆ ಉರಿಯೂತ ಭುಗಿಲೇಳುತ್ತದೆ. ಸಂಧಿವಾತಕ್ಕೆಂದು ಕೊಡುವ, ಸ್ಟೀರಾಯ್ಡ್ ಬೆರೆತಿರಬಹುದಾದ ಹೆಸರಿಲ್ಲದ ಪುಡಿಗಳ ಬಗ್ಗೆ ನನಗೆ ಭಯವಿರುವುದು ಇದಕ್ಕೇ.

ಟೆನೊಫೊವಿರ್, ಎಂಟೆಕಾವಿರ್ ಗುಳಿಗೆಗಳು ವೈರಸ್ಸಿನ ಸಂತಾನವನ್ನು ತಡೆದು ಕಾದಾಟವನ್ನೇ ತಣಿಸುತ್ತವೆ. ಕೋಶಕೇಂದ್ರದಲ್ಲಿ ಅಡಗಿದ ಅದರ ಡಿಎನ್‌ಎಯನ್ನು ಅಳಿಸಲಾರವು. ಆದ್ದರಿಂದ ತಾವಾಗಿ ನಿಲ್ಲಿಸಬಾರದು. ಎಲ್ಲರಿಗೂ ಗುಳಿಗೆ ಬೇಕಿಲ್ಲ. ವೈರಸ್ ಪ್ರಮಾಣ, ಎಸ್‌ಜಿಪಿಟಿ, ಯಕೃತ್ತಿನ ಗಡಸುತನ ನೋಡಿ ವೈದ್ಯರು ತೀರ್ಮಾನಿಸುತ್ತಾರೆ. 2018ರಲ್ಲಿ ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಪರೀಕ್ಷೆ, ಔಷಧ ಉಚಿತ. ಮನೆಯವರನ್ನೂ ಪರೀಕ್ಷೆಗೆ ಕರೆದೊಯ್ಯಿರಿ. ಸೋಂಕಿಲ್ಲದವರಿಗೆ ಲಸಿಕೆ ಹಾಕಿಸಿ.